ಗಡ್ಡೆಯ ಗುರುತು ಹಿಡಿದ ಮೊಲದ ರಕ್ತ

1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ತಮ್ಮ ಜಾಣ ಪ್ರಯೋಗವೊಂದರ ಫಲಿತಾಂಶ ಪ್ರಕಟಿಸಿದರು. ದೊಡ್ಡಕರುಳಿನ ಕ್ಯಾನ್ಸರ್ ಗಡ್ಡೆಯ ಸಾರವನ್ನು ಮೊಲಗಳಿಗೆ ಚುಚ್ಚಿದ್ದರು. ಮೊಲದ ಮೈಗೆ ಮನುಷ್ಯನ ಪ್ರೋಟೀನುಗಳೆಲ್ಲ ಪರಕೀಯವೇ. ಅದರ ಬಿ ಕೋಶಗಳು ಬಗೆಬಗೆಯ ಪ್ರತಿಕಾಯಗಳನ್ನು ತಯಾರಿಸಿದವು. ಅವುಗಳಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ್ದು ಯಾವುದು? ಅದೇ ರೋಗಿಯ ಕರುಳಿನ ಆರೋಗ್ಯವಂತ ಭಾಗದ ಸಾರವನ್ನು ಮೊಲದ ಸೀರಮ್ಮಿಗೆ ಬೆರೆಸಿದರು. ಮಾಮೂಲಿ ಪ್ರೋಟೀನುಗಳನ್ನು ಹಿಡಿಯುವ ಪ್ರತಿಕಾಯಗಳು ಅವಕ್ಕೆ ಅಂಟಿಕೊಂಡು ಬೇರೆಯಾದವು. ಉಳಿದವು ಗಡ್ಡೆಯನ್ನು ಗುರುತಿಸಿದವು. ಅವು ಹಿಡಿದ ವಸ್ತುವೇ ಸಿಇಎ. ಭ್ರೂಣದ ಕರುಳಿನಲ್ಲೂ ಅದು ಸಿಕ್ಕಿತು.

ಹೀಗೆ ಕ್ಯಾನ್ಸರಿನ ಸುಳಿವು ಕೊಡುವ ವಸ್ತುಗಳೇ ಟ್ಯೂಮರ್ ಮಾರ್ಕರ್‌ಗಳು. ನೋಡಿದರೆ ಅವುಗಳಲ್ಲಿ ಬಹುಪಾಲು ನಮ್ಮದೇ ದೇಹದ ಪದಾರ್ಥಗಳು. ಮೊಲ ಸಹಿಸದ ಸಿಇಎಯನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಸ್ವಂತದ್ದೆಂದು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ಕ್ಯಾನ್ಸರ್ ಇಲ್ಲದವರಲ್ಲೂ ಮಾರ್ಕರ್‌ಗಳು ಏರುವುದು ಅವು ನಮ್ಮದೇ ದೇಹದ ಪದಾರ್ಥಗಳಾದ್ದರಿಂದ: ಸಿಗರೇಟು ಸೇದುವವರಲ್ಲಿ ಸಿಇಎ, ಲಿವರ್ ಉರಿಯೂತದಲ್ಲಿ ಎಎಫ್‌ಪಿ, ಪ್ರಾಸ್ಟೇಟ್ ಸೋಂಕಿನಲ್ಲಿ ಪಿಎಸ್‌ಎ.

ಕ್ಷಯ ಇನ್ನೂ ತೊಲಗದ ನಮ್ಮ ದೇಶದಲ್ಲಿ ಸಿಎ-125ರ ಬಗ್ಗೆ ಒತ್ತಿ ಹೇಳಲೇಬೇಕು. ಅಂಡಾಶಯದ ಕ್ಯಾನ್ಸರಿನಲ್ಲಿ ನೋಡುವ ಈ ಮಾರ್ಕರ್ ಮಿಲಿಲೀಟರಿಗೆ 35 ಯೂನಿಟ್ ದಾಟಿದರೆ ಹೆಚ್ಚೆಂದು ಲೆಕ್ಕ. ಆದರೆ ಹೊಟ್ಟೆಯ ಒಳಪೊರೆ ಕೆರಳಿದರೂ ಅದು ಏರುತ್ತದೆ. ಹೊಟ್ಟೆಯ ಕ್ಷಯದಲ್ಲಿ ನೂರಾರು ಯೂನಿಟ್ ತಲುಪುವುದುಂಟು. ಹೊಟ್ಟೆಯಲ್ಲಿ ನೀರು ತುಂಬಿ, ಸೊರಗಿದ ಯುವತಿಯ ವರದಿಯಲ್ಲಿ 500 ಎಂದಿದ್ದರೆ ಮನೆಯವರ ಜಂಘಾಬಲವೇ ಉಡುಗುತ್ತದೆ. ಬಯಾಪ್ಸಿಯಲ್ಲಿ ಕ್ಷಯವೆಂದು ತಿಳಿದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಗಳಲ್ಲಿ ಗುಣವಾಗುವ ಕಾಯಿಲೆ ಅದು. ಯಾವ ತೊಂದರೆಯೂ ಇಲ್ಲದ ಹೆಂಗಸರಿಗೆ ಚೆಕಪ್ ಪ್ಯಾಕೇಜಿನಲ್ಲಿ ಈ ಪರೀಕ್ಷೆ ಸೇರಿಸುವುದು ತಪ್ಪು ಎಂದೇ ನನ್ನ ಖಚಿತ ಅಭಿಪ್ರಾಯ.

ಮಾರ್ಕರಿನ ನಿಜವಾದ ಉಪಯೋಗ, ಗೊತ್ತಾದ ರೋಗದ ಏರಿಳಿತವನ್ನು ಹಿಂಬಾಲಿಸುವುದರಲ್ಲಿದೆ. 1950ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ಮಿನ್ ಚಿಯು ಲೀ, ಗರ್ಭಕ್ಕೆ ಸಂಬಂಧಿಸಿದ ಕೋರಿಯೋಕಾರ್ಸಿನೋಮ ಎಂಬ ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್ ಔಷಧ ಕೊಡುತ್ತಿದ್ದರು. ಎಕ್ಸ್‌ರೇಯಲ್ಲಿ ಗಡ್ಡೆ ಮಾಯವಾದರೂ ಮೂತ್ರದಲ್ಲಿ ಅದರ ಮಾರ್ಕರ್ ಆದ ಎಚ್‌ಸಿಜಿ ಉಳಿದಿತ್ತು. ಎಲ್ಲೋ ಕ್ಯಾನ್ಸರ್ ಕೋಶಗಳಿವೆ ಎಂದು ನಂಬಿದ ಲೀ, ಅದು ಇಳಿಯುವವರೆಗೂ ಔಷಧ ನಿಲ್ಲಿಸಲಿಲ್ಲ. ರೋಗಿಗಳಿಗೆ ಅನಗತ್ಯವಾಗಿ ವಿಷ ಕೊಡುತ್ತಿದ್ದಾರೆಂಬ ಆಕ್ಷೇಪ ಬಂತು. ಅವರು ಕೆಲಸ ಕಳೆದುಕೊಂಡರು. ಬೇಗ ಔಷಧ ನಿಲ್ಲಿಸಿದವರಲ್ಲಿ ಕ್ಯಾನ್ಸರ್ ಮರಳಿತು, ಲೀ ಪಟ್ಟುಹಿಡಿದು ಚಿಕಿತ್ಸೆ ಕೊಟ್ಟವರು ಉಳಿದರು. 1972ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದವರಲ್ಲಿ ಅವರೂ ಒಬ್ಬರು. ಈಗ ಆ ಕ್ಯಾನ್ಸರಿನಲ್ಲಿ ಎಚ್‌ಸಿಜಿ ಸಹಜ ಮಟ್ಟಕ್ಕೆ ಇಳಿದ ಮೇಲೂ ಕೆಲವು ವಾರ ಔಷಧ ಮುಂದುವರಿಸುತ್ತಾರೆ.