ಪಲಾವ್ ಎಲೆಯ ಕಷಾಯ ಕುಡಿದರೆ ಶುಗರ್ ವಾಸಿಯಾಗುತ್ತದೆಯೇ?

“ಐದು ಪಲಾವ್ ಎಲೆಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ ಒಂದು ಲೋಟಕ್ಕೆ ಇಳಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯಿರಿ. 21 ದಿನದಲ್ಲಿ ಶುಗರ್ ಮಾಯ! ಮಾತ್ರೆಯೇ ಬೇಡ. ಹತ್ತು ಜನರಿಗೆ ಕಳುಹಿಸಿ.” ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಓದುಗರೊಬ್ಬರು ಇದನ್ನು ನಮಗೆ ಕಳುಹಿಸಿ ಕೇಳಿದ್ದು ಇಷ್ಟೇ: “ಅಮ್ಮ ನಾಲ್ಕು ದಿನದಿಂದ ಮಾತ್ರೆ ಬಿಟ್ಟು ಇದನ್ನೇ ಕುಡಿಯುತ್ತಿದ್ದಾರೆ. ಪರವಾಗಿಲ್ಲವೇ?”

ಪರವಾಗಿಲ್ಲ ಎನ್ನಲು ಸಾಧ್ಯವಿಲ್ಲ. ಅವರು ಇವತ್ತೇ ವೈದ್ಯರ ಜೊತೆ ಮಾತನಾಡಬೇಕು. ಏಕೆ ಎಂದು ಒಂದೊಂದಾಗಿ ನೋಡೋಣ.

ಫೋಟೋದ ಎಲೆಯೇ ಬೇರೆ

ಸಂದೇಶದ ಜೊತೆಗಿದ್ದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆವು. ಅದರಲ್ಲಿದ್ದದ್ದು ನಮ್ಮ ಪಲಾವ್ ಎಲೆಯಲ್ಲ, ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯುವ ಬೇ ಲಾರೆಲ್. ಇದರ ಸಸ್ಯಶಾಸ್ತ್ರೀಯ ಹೆಸರು ಲಾರಸ್ ನೊಬಿಲಿಸ್. ಹಿಂದೆ ಗ್ರೀಸ್ ಮತ್ತು ರೋಮ್‌ನಲ್ಲಿ ಗೆದ್ದವರ ತಲೆಗೆ ಇದೇ ಎಲೆಯ ಕಿರೀಟ ತೊಡಿಸುತ್ತಿದ್ದರು. ನೊಬೆಲ್ ಪಡೆದವರನ್ನು ಇಂಗ್ಲಿಷಿನಲ್ಲಿ ‘ಲಾರಿಯೇಟ್’ ಎನ್ನುವುದು ಅದರಿಂದಲೇ.

ನಮ್ಮ ಅಂಗಡಿಗಳಲ್ಲಿ ಸಿಗುವ ಪಲಾವ್ ಎಲೆ ಅಥವಾ ತೇಜ್‌ಪತ್ತಾ ಸಾಮಾನ್ಯವಾಗಿ ಸಿನಮೋಮಮ್ ತಮಾಲ ಎಂಬ ಮರದ್ದು. ಇದು ಚಕ್ಕೆ ಮರದ ಹತ್ತಿರದ ಸಂಬಂಧಿ, ಹಿಮಾಲಯದ ತಪ್ಪಲಿನಲ್ಲಿ ಬೆಳೆಯುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಬೇ ಲೀಫ್’ ಎನ್ನುವುದರಿಂದ ಒಂದರ ಗುಣ ಇನ್ನೊಂದರ ಹೆಸರಿಗೆ ಅಂಟಿಕೊಳ್ಳುತ್ತದೆ.

ಗುರುತಿಸುವುದು ಸುಲಭ. ಮಸಾಲೆ ಡಬ್ಬಿಯಿಂದ ಒಂದು ಎಲೆ ತೆಗೆದು ಬೆಳಕಿಗೆ ಹಿಡಿಯಿರಿ. ಬುಡದಿಂದ ತುದಿಯವರೆಗೆ ಉದ್ದಕ್ಕೆ ಮೂರು ನರಗಳಿದ್ದರೆ ನಮ್ಮ ಪಲಾವ್ ಎಲೆ. ನಡುವೆ ಒಂದೇ ನರವಿದ್ದು, ಅದರಿಂದ ಅಕ್ಕಪಕ್ಕಕ್ಕೆ ಸಣ್ಣ ನರಗಳು ಕವಲೊಡೆದಿದ್ದರೆ ಲಾರೆಲ್. ವಾಸನೆಯೂ ಬೇರೆ. ಲಾರೆಲ್‌ನಲ್ಲಿ ಹೆಚ್ಚಾಗಿರುವುದು ನೀಲಗಿರಿ ಎಣ್ಣೆಯಲ್ಲೂ ಇರುವ ಸಿನಿಯೋಲ್. ನಮ್ಮ ಎಲೆಗೆ ಚಕ್ಕೆ, ಲವಂಗದ ಘಮ.

ಅಡುಗೆಗೆ ಏಕೆ ಹಾಕುತ್ತಾರೆ?

ಎರಡೂ ಎಲೆಗಳು ಪರಿಮಳವನ್ನು ನಿಧಾನವಾಗಿ ಬಿಡುತ್ತವೆ. ಅದಕ್ಕೇ ಯುರೋಪಿನಲ್ಲಿ ಲಾರೆಲ್ ಅನ್ನು ತುಂಬಾ ಹೊತ್ತು ಕುದಿಯುವ ಸೂಪ್, ಮಾಂಸದ ಸಾರಿಗೆ ಹಾಕುತ್ತಾರೆ. ನಾವು ಪಲಾವ್ ಎಲೆಯನ್ನು ಮೊದಲೇ ಎಣ್ಣೆ ಅಥವಾ ತುಪ್ಪದಲ್ಲಿ ಬಾಡಿಸುತ್ತೇವೆ, ಏಕೆಂದರೆ ಪರಿಮಳದ ಅಂಶಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಬೆರೆಯುತ್ತವೆ.

ಔಷಧಿಯಾಗಿಯೂ ಇವುಗಳ ಬಳಕೆ ಹಳೆಯದೇ. ಯುರೋಪಿನಲ್ಲಿ ಅಜೀರ್ಣ, ಹೊಟ್ಟೆಯುಬ್ಬರಕ್ಕೆ ಲಾರೆಲ್ ಕೊಡುತ್ತಿದ್ದರು, ಕೀಲುನೋವಿಗೆ ಅದರ ಎಣ್ಣೆ ತಿಕ್ಕುತ್ತಿದ್ದರು. ಸಿರಿಯಾದ ಅಲೆಪ್ಪೊ ಸೋಪಿಗೆ ಇಂದಿಗೂ ಆಲಿವ್ ಎಣ್ಣೆಯ ಜೊತೆ ಲಾರೆಲ್ ಎಣ್ಣೆ ಬೆರೆಸುತ್ತಾರೆ. ಆಯುರ್ವೇದದ ‘ತ್ರಿಜಾತಕ’ ಎಂದರೆ ಚಕ್ಕೆ, ಏಲಕ್ಕಿ ಮತ್ತು ತಮಾಲಪತ್ರ.

ಹಾಗಾದರೆ ಶುಗರ್‌ಗೆ?

ಸಂದೇಶ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟೈಪ್ 2 ಮಧುಮೇಹ ಇರುವ 40 ಜನರನ್ನು ನಾಲ್ಕು ಗುಂಪು ಮಾಡಿ, ಮೂರು ಗುಂಪುಗಳಿಗೆ ಬೇ ಲೀಫ್ ಪುಡಿಯ ಕ್ಯಾಪ್ಸೂಲ್ ಕೊಟ್ಟರು. ದಿನಕ್ಕೆ 1, 2 ಅಥವಾ 3 ಗ್ರಾಂ, 30 ದಿನ. ನಾಲ್ಕನೆಯ ಗುಂಪಿಗೆ ಔಷಧಿಯಿಲ್ಲದ ಕ್ಯಾಪ್ಸೂಲ್. ಎಲೆ ಪುಡಿ ತೆಗೆದುಕೊಂಡವರ ರಕ್ತದ ಸಕ್ಕರೆ ಇಳಿಯಿತು.

ಫಾರ್ವರ್ಡ್ ಇಲ್ಲಿಗೇ ನಿಲ್ಲಿಸಿಬಿಡುತ್ತದೆ. ಆದರೆ ಇಳಿಯುವುದೇ ಬೇರೆ, ವಾಸಿಯಾಗುವುದೇ ಬೇರೆ. ಕೇವಲ 40 ಜನ, ಒಂದೇ ತಿಂಗಳು. ಕೊಟ್ಟದ್ದು ತೂಕ ಮಾಡಿದ ಪುಡಿ, ಕುದಿಸಿ ಸೋಸಿದ ಕಷಾಯವಲ್ಲ. ಮಾತ್ರೆ ಬಿಡಬಹುದು ಎಂದು ಇಷ್ಟರಿಂದ ತೀರ್ಮಾನಿಸಲು ಬರುವುದಿಲ್ಲ.

ಮಾತ್ರೆ ಬಿಟ್ಟಾಗ ಶುಗರ್ ಏರಿದರೂ ಎಷ್ಟೋ ಜನರಿಗೆ ಮೊದಮೊದಲು ಏನೂ ಅನಿಸುವುದಿಲ್ಲ. “ಕಷಾಯ ಕುಡಿದು ಆರಾಮಾಗಿದ್ದೇನೆ” ಅನ್ನುತ್ತಿರುವಾಗಲೇ ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಪೆಟ್ಟು ಬೀಳುತ್ತಿರಬಹುದು. ರಕ್ತಪರೀಕ್ಷೆ ಮಾಡಿಸದೆ ಅದು ಗೊತ್ತಾಗುವುದಿಲ್ಲ.

ಇನ್ನೂ ಎರಡು ಎಚ್ಚರಿಕೆ

ಎಲೆ ವಿಷವಲ್ಲ, ಆದರೆ ನುಂಗಬಾರದು. ಎಷ್ಟು ಬೇಯಿಸಿದರೂ ಅದು ಮೆತ್ತಗಾಗುವುದಿಲ್ಲ. ಗಂಟಲಲ್ಲಿ, ಅನ್ನನಾಳದಲ್ಲಿ ಸಿಕ್ಕಿಕೊಂಡ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮಕ್ಕಳಿಗೆ ಬಡಿಸುವಾಗ ಎತ್ತಿಟ್ಟುಬಿಡಿ.

ಲಾರೆಲ್ ಫೋಟೋ ನೋಡಿಕೊಂಡು ರಸ್ತೆಬದಿಯ ಗಿಡದಿಂದ ಎಲೆ ಕೀಳಲೇಬೇಡಿ. ಕಣಗಿಲೆ ಎಲೆಗೂ ನಡುವೆ ಒಂದೇ ದಪ್ಪ ನರ. ಅದು ಹೃದಯದ ಬಡಿತವನ್ನೇ ಕೆಡಿಸುವ ವಿಷ.

ಕೊನೆಗೆ

ಪಲಾವ್‌ಗೆ ಎಲೆ ಹಾಕಿ, ಖುಷಿಯಿಂದ ಊಟ ಮಾಡಿ. ಕಷಾಯ ಇಷ್ಟವಾದರೆ ವೈದ್ಯರಿಗೆ ಹೇಳಿ ಕುಡಿಯಿರಿ, ಮಾತ್ರೆಯ ಬದಲಿಗಲ್ಲ. ಮನೆಯಲ್ಲಿ ಯಾರಾದರೂ ಈಗಾಗಲೇ ಮಾತ್ರೆ ಬಿಟ್ಟಿದ್ದರೆ ಬೈಯಬೇಡಿ. ಶುಗರ್ ಪರೀಕ್ಷೆ ಮಾಡಿಸಿ, ವರದಿ ಹಿಡಿದು ವೈದ್ಯರ ಬಳಿ ಕರೆದುಕೊಂಡು ಹೋಗಿ. ಆ ಸಂದೇಶ ಬಂದ ಗ್ರೂಪಿಗೇ ಇದನ್ನೂ ಕಳುಹಿಸಿ. ಅಲ್ಲೂ ಒಬ್ಬರು ಇವತ್ತಿನ ಮಾತ್ರೆ ಬಿಡಲು ಹೊರಟಿರಬಹುದು.