ಕಾಲಿಗೆ ನೀರು

ಹೊತ್ತು ಇಳಿದರೂ ಗೋಡೆ ಇನ್ನೂ ಕಾದೇ ಇದೆ. ಪವಿತ್ರ ಗುರುವಾರದ ಸಂಜೆ. ಹಗರಿಬೊಮ್ಮನಹಳ್ಳಿ ಸೀಮೆಯ ಪುಟ್ಟ ಚರ್ಚಿನಲ್ಲಿ ಪೀಠದ ಮುಂದೆ ಬೆಂಚು ಹಾಕಿ ಹನ್ನೆರಡು ಮಂದಿಯನ್ನು ಕೂರಿಸಿದ್ದಾರೆ. ನಸುಕಿಗೇ ಎದ್ದು ಹಡಗಲಿಯ ತೋಟದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವ ಹೆಂಗಸು, ಕೊಟ್ಟೂರಿನ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವ, ಹರಪನಹಳ್ಳಿಯ ಮೆಕ್ಕೆಜೋಳದ ಹೊಲಗಳಲ್ಲಿ ಕೂಲಿ ಮಾಡುವ ಗಂಡ ಹೆಂಡತಿ. ಕೂಡ್ಲಿಗಿ ಕಡೆಯ ಹುಡುಗನೊಬ್ಬ ಬೆಂಗಳೂರಿನ ಗಾರೆ ಕೆಲಸದಿಂದ ಹಬ್ಬಕ್ಕೆಂದು ಬಂದಿದ್ದಾನೆ. ತುದಿಯಲ್ಲಿ ಪಕ್ಕದ ಹಳ್ಳಿಯ ಅವ್ವ.

ಎಲ್ಲರೂ ಮನೆಯಲ್ಲೇ ಕಾಲು ಉಜ್ಜಿ ಉಜ್ಜಿ ತೊಳೆದುಕೊಂಡು ಬಂದವರೇ. ಆದರೂ ಅವ್ವನ ಹಿಮ್ಮಡಿಯ ಬಿರುಕುಗಳಲ್ಲಿ ಕೆಮ್ಮಣ್ಣು ಉಳಿದಿದೆ. ಕಾಲುಂಗುರ ತೆಗೆದ ಜಾಗ ನುಣ್ಣಗೆ ತಗ್ಗಾಗಿದೆ.

ಫಾದರ್ ಮೇಲುಡುಪು ಕಳಚಿಟ್ಟರು. ಸೊಂಟಕ್ಕೆ ಟವೆಲ್ ಬಿಗಿದು, ಚೆಂಬು ಬೋಗುಣಿ ಹಿಡಿದು ಮಂಡಿಯೂರಿದರು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತೇವೆ. ಚೆಂಬು ಕೊಟ್ಟರೆ ಮುಗಿಯಿತು, ತೊಳೆದುಕೊಳ್ಳುವುದು ಅವರೇ. ಗುರುಗಳು ಬಂದರೆ ಮಾತ್ರ ನಾವೇ ಬಗ್ಗಿ ಪಾದ ತೊಳೆಯುತ್ತೇವೆ. ಇಲ್ಲಿ ಗುರುವೇ ಬಗ್ಗಿದ್ದಾರೆ. ಯೇಸುವಿನ ನಾಡಿನಲ್ಲಿ ಆಗ ಧೂಳು ಮೆತ್ತಿದ ಕಾಲು ತೊಳೆಯುವುದು ಆಳಿನ ಕೆಲಸವಾಗಿತ್ತು. ಸಾಯುವ ಹಿಂದಿನ ರಾತ್ರಿ ಆತ ಆ ಕೆಲಸವನ್ನೇ ಕೈಗೆತ್ತಿಕೊಂಡು, ಮುಂದಾಳಾಗುವವನು ಹೀಗೆ ಬಗ್ಗಬೇಕು ಎಂದು ಶಿಷ್ಯರಿಗೆ ಮಾಡಿ ತೋರಿಸಿದ. ಯೋವಾನ್ನನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಈ ಕಥೆಯಿದೆ. ಮುಟ್ಟಬಾರದೆಂದು ಊರು ದೂರವಿಟ್ಟ ಹಿರಿಯರ ಮೊಮ್ಮಕ್ಕಳೂ ಈ ಬೆಂಚಿನ ಮೇಲಿದ್ದಾರೆ. ಅವರ ಪಾದವನ್ನು ಇನ್ನೊಬ್ಬರು ಅಂಗೈಯಲ್ಲಿ ಹಿಡಿಯುವುದೆಂದರೆ ಸಣ್ಣ ಮಾತಲ್ಲ.

ಈ ಸಾಲಿನಲ್ಲಿ ಹೆಂಗಸರು ಕೂರುವುದಕ್ಕೂ ಬಹಳ ಕಾಲ ಹಿಡಿಯಿತು. 2013ರಲ್ಲಿ ಪೋಪ್ ಫ್ರಾನ್ಸಿಸ್ ಪಟ್ಟಕ್ಕೆ ಬಂದ ಹದಿನೈದೇ ದಿನಕ್ಕೆ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಪಾದ ತೊಳೆದರು. ಅಲ್ಲಿ ಹುಡುಗಿಯರೂ ಇದ್ದರು. ಹೆಂಗಸರಿಗೂ ಅವಕಾಶ ಎಂಬುದು ನಿಯಮವಾಗಿ ಬಂದದ್ದು 2016ರಲ್ಲಿ.

ಫಾದರ್ ಅವ್ವನ ಮುಂದೆ ಬಂದರು. ಅವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಬ್ಯಾಡ್ರಿ ಫಾದರ್. ನೀವು ನನ್ನ ಕಾಲು ಮುಟ್ಟಬಾರ್ದು."

"ಪೇತ್ರನೂ ಹಿಂಗ ಅಂದಿದ್ದನಲ್ಲ ಅವ್ವಾ."

ಯೇಸು ಕಾಲು ತೊಳೆಯಲು ಬಂದಾಗ ಬೇಡವೆಂದ ಶಿಷ್ಯ ಪೇತ್ರ ಅವ್ವನಿಗೆ ಗೊತ್ತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದ ಸೀಮೆಯಿದು. ಓದು ಬರದವರಿಗೂ ಈ ಕಥೆ ಬಾಯಿಪಾಠ. ಅವ್ವ ಮೆಲ್ಲಗೆ ಕಾಲು ಚಾಚಿದಳು. ನೀರು ಬಿರುಕುಗಳಲ್ಲಿ ಇಳಿದು ಬೋಗುಣಿಗೆ ತುಸು ಕೆಂಪಾಗಿ ಬಿತ್ತು. ಫಾದರ್ ಬೆರಳ ಸಂದುಗಳನ್ನೂ ಬಿಡದೆ ಒರೆಸಿ, ತಲೆ ಬಗ್ಗಿಸಿ ಆ ಪಾದಕ್ಕೆ ಮುತ್ತಿಟ್ಟರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಗಂಟಲು ಬಿಗಿಯಿತು.

ಪೂಜೆ ಮುಗಿದು ಮಂದಿ ಚದುರಿದ ಮೇಲೆ ಫಾದರ್ ತಾವೇ ಬೋಗುಣಿಯ ನೀರನ್ನು ಅಂಗಳದ ಮಲ್ಲಿಗೆ ಬುಡಕ್ಕೆ ಸುರಿದು ಬಂದರು. ಮೆಟ್ಟಿಲ ಮೇಲೆ ಅವ್ವ ಚಪ್ಪಲಿ ಹುಡುಕುತ್ತಿದ್ದಳು. ಅವಳ ಊರಿನ ಕೊನೇ ಬಸ್ಸು ಹೋಗಿಯಾಗಿತ್ತು. ಫಾದರ್ ಬೈಕು ಹೊರಗೆ ತಂದು, "ಕೂಡ್ರು ಅವ್ವಾ" ಅಂದರು.

ಈ ಸಲ ಅವ್ವ ಬ್ಯಾಡ ಅನ್ನಲಿಲ್ಲ.