ಬುತ್ತಿ, ಬಾಟಾ ಮತ್ತು ಲಾರಿ ನಿಲ್ಲುವ ಜಾಗ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠ ಎಂದರೆ ಅಲ್ಲಿನ ಪಾಠಶಾಲೆಯ ಮಾತೇ ಮೊದಲು ಬರುತ್ತದೆ. ವೇದ, ವ್ಯಾಕರಣ, ತರ್ಕ ಎಲ್ಲವನ್ನೂ ಕಲಿಸುತ್ತಿದ್ದ ಕಾಳಾಮುಖ ಶೈವರ ಕೇಂದ್ರ ಅದು. ಆದರೆ ಬಿಜ್ಜಳನ ಕಾಲದ 1162ರ ಶಾಸನದಲ್ಲಿ ಇನ್ನೊಂದು ಉದ್ದನೆಯ ಪಟ್ಟಿಯೂ ಇದೆ. ದೀನರು, ಅನಾಥರು, ಕುಂಟರು, ಕುರುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ನಾನಾ ದೇಶದ ಭಿಕ್ಷುಕರು, ಇವರೆಲ್ಲರಿಗೂ ತಡೆಯಿಲ್ಲದೆ ಅನ್ನ ಸಿಗುವ ಜಾಗ ಇದು, ರೋಗಿಗಳಿಗೆ ಔಷಧ ಸಿಗುವ ಜಾಗವೂ ಹೌದು ಎಂದು ಅದು ಹೇಳುತ್ತದೆ. ಪಟ್ಟಿಯಲ್ಲಿರುವ ಬಹುಪಾಲು ಜನ ಊರೂರು ಅಲೆಯುವವರು. ಬಳ್ಳಿಗಾವಿ ಆಗ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘವನ್ನು ಇಲ್ಲಿನ ಶಾಸನಗಳು ಹೊಗಳುತ್ತವೆ, ಕತ್ತೆ ಕೋಣಗಳ ಮೇಲೆ ಸರಕು ಹೇರಿಕೊಂಡು ಅವರು ದೇಶ ಸುತ್ತುತ್ತಿದ್ದರು. ಅಂಥ ಊರಿಗೆ ಒಂದು ವಿಷಯ ಗೊತ್ತಿತ್ತು: ದಾರಿ ಎಂದ ಮೇಲೆ ದಾರಿಹೋಕನ ಅನ್ನವೂ ದಾರಿಯದೇ ಲೆಕ್ಕ.

ಇಂದು ಅದೇ ಸೀಮೆಯಿಂದ ಮೆಕ್ಕೆಜೋಳ, ಶುಂಠಿ, ಅನಾನಸು ಹೊತ್ತ ಲಾರಿಗಳು ಶಿರಾಳಕೊಪ್ಪ, ಆನವಟ್ಟಿ, ಹಾನಗಲ್ಲು ದಾಟಿ ತಡಸದ ಹತ್ತಿರ ರಾಷ್ಟ್ರೀಯ ಹೆದ್ದಾರಿ ಸೇರುತ್ತವೆ. ಕೆಲವು ಹುಬ್ಬಳ್ಳಿಯಲ್ಲೇ ನಿಲ್ಲುತ್ತವೆ, ಕೆಲವು 2,000 ಕಿಲೋಮೀಟರ್ ದೂರದ ದೆಹಲಿಯವರೆಗೂ ಹೋಗುತ್ತವೆ. ಸ್ಟೇರಿಂಗ್ ಹಿಡಿದವನ ಊಟ ಮಾತ್ರ ಈಗ ಯಾರ ಲೆಕ್ಕದಲ್ಲೂ ಇಲ್ಲ. ಡ್ರೈವರುಗಳಿಗೆ ಬೊಜ್ಜು, ಸಕ್ಕರೆ ಕಾಯಿಲೆ, ಗ್ಯಾಸ್ಟ್ರಿಕ್ಕು ಯಾಕೆ ಎಂದು ಕೇಳಿದರೆ 'ಬಾಯಿ ಚಪಲ, ಢಾಬಾದ ಎಣ್ಣೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಅರ್ಧ ಮಾತ್ರ ಸರಿ. ಡ್ರೈವರ್ ಏನು ತಿನ್ನುತ್ತಾನೆ ಎಂಬುದನ್ನು ಅವನ ನಾಲಿಗೆಗಿಂತ ಹೆಚ್ಚಾಗಿ ತೀರ್ಮಾನಿಸುವುದು ಎರಡು ಸಂಗತಿ: ಲಾರಿ ಎಲ್ಲಿ ನಿಲ್ಲಬಹುದು, ಎಷ್ಟು ಹೊತ್ತು ನಿಲ್ಲಬಹುದು.

ಮೊದಲು ಹೊತ್ತಿನ ಮಾತು. ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ನಮ್ಮ ದೇಶದ ಲಾರಿ ಚಾಲಕರು ದಿನಕ್ಕೆ ಸರಾಸರಿ 12 ಗಂಟೆ ಗಾಡಿ ಓಡಿಸುತ್ತಾರೆ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಬರೆದಿದ್ದದ್ದು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು. ಸಂಸ್ಥೆಯ ನೂರು ಮಂದಿ ನೌಕರರು ದಿನವೂ ಬಂದುಹೋಗುವ ಜಾಗದಲ್ಲಿ ಕ್ಯಾಂಟೀನ್ ಇರಬೇಕೆಂದೂ ಅದರಲ್ಲಿತ್ತು. ಒಂದೋ ಎರಡೋ ಲಾರಿ ಇಟ್ಟುಕೊಂಡ ಮಾಲೀಕನಿಗೆ ಇದು ತಾಗುತ್ತಿರಲಿಲ್ಲ. ಐದು ನೌಕರರಿಲ್ಲದ ಸಂಸ್ಥೆಗೆ ಆ ಕಾಯ್ದೆ ಅನ್ವಯಿಸುತ್ತಲೇ ಇರಲಿಲ್ಲ. ಹೀಗೆ ಬಿಡುವಿಲ್ಲದ ದಿನದಲ್ಲಿ ಊಟ ಹಿಂದೆ ಹಿಂದೆ ಸರಿಯುತ್ತದೆ. ಹಗಲೆಲ್ಲ ಚಹಾ, ಬಿಸ್ಕೀಟು, ಗುಟ್ಕಾ. ರಾತ್ರಿ ಹನ್ನೊಂದಕ್ಕೆ ಒಂದೇ ಸಲ ಹೊಟ್ಟೆ ಬಿರಿಯುವಷ್ಟು. ಆಮೇಲೆ ಮತ್ತೆ ಸ್ಟೇರಿಂಗ್. ದೇಹಕ್ಕೆ ಇದಕ್ಕಿಂತ ಕೆಟ್ಟ ವೇಳಾಪಟ್ಟಿ ಸಿಗುವುದು ಕಷ್ಟ. ರಾತ್ರಿ ಹೊತ್ತು ಇನ್ಸುಲಿನ್ನಿನ ಕೆಲಸ ಮಂದವಾಗುವುದರಿಂದ ಅದೇ ಅನ್ನ ಹಗಲಿಗಿಂತ ಹೆಚ್ಚು ಹೊತ್ತು ರಕ್ತದಲ್ಲಿ ಸಕ್ಕರೆಯಾಗಿ ನಿಲ್ಲುತ್ತದೆ. ನಸುಕಿನ ಎರಡರಿಂದ ನಾಲ್ಕು ಗಂಟೆ, ಮತ್ತೆ ಮಧ್ಯಾಹ್ನದ ಅದೇ ಹೊತ್ತು, ದೇಹದ ಗಡಿಯಾರ ತಾನಾಗಿಯೇ ನಿದ್ದೆಗೆ ಎಳೆಯುವ ವೇಳೆಗಳು. ತುಂಬಿದ ಹೊಟ್ಟೆ ಆ ಸೆಳೆತಕ್ಕೆ ಜೊತೆಯಾಗುತ್ತದೆ. ಹೀಗೆ ನೋಡಿದರೆ ಡ್ರೈವರನ ಊಟ ಎದುರಿನ ಗಾಡಿಯಲ್ಲಿ ಕುಳಿತವರ ಜೀವದ ಪ್ರಶ್ನೆಯೂ ಹೌದು. ನೀರಿನದೂ ಇದೇ ಕಥೆ. ಇಳಿಯಲು ಶೌಚಾಲಯವಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ, ಎಂಜಿನ್ನಿನ ಕಾವಿನ ಕ್ಯಾಬಿನ್ನಿನಲ್ಲಿ ಬೆವರಿ ಬೆವರಿ ಕೊನೆಗೆ ಸಿಗುವುದು ಮೂತ್ರದ ಕಲ್ಲು.

ಇನ್ನು ಜಾಗದ ಮಾತು. ಈ ಭಾಗದ ಊರುಗಳಲ್ಲಿ ಒಳ್ಳೆಯ ಊಟಕ್ಕೇನೂ ಬರವಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೊಪ್ಪು, ಹಸಿ ಈರುಳ್ಳಿ, ಮಜ್ಜಿಗೆ ಕೊಡುವ ಖಾನಾವಳಿಗಳಿವೆ. ಪಥ್ಯ ಹೇಳುವ ಡಾಕ್ಟರು ಬರೆದುಕೊಡುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಖಾನಾವಳಿ ಇರುವುದು ಬಸ್‌ಸ್ಟ್ಯಾಂಡಿನ ಹಿಂದೆ, ಪೇಟೆಯ ಓಣಿಯಲ್ಲಿ. ಹನ್ನೆರಡು ಚಕ್ರದ ಲಾರಿಯನ್ನು ಅಲ್ಲಿಗೆ ತರುವಂತಿಲ್ಲ, ಸರಕು ತುಂಬಿದ ಗಾಡಿಯನ್ನು ಹೆದ್ದಾರಿಯಲ್ಲಿ ಬಿಟ್ಟು ನಡೆದು ಹೋಗುವಂತೆಯೂ ಇಲ್ಲ: ಡೀಸೆಲ್ ಹೋದರೆ, ತಾಡಪಾಲಿನ ಹಗ್ಗ ಬಿಚ್ಚಿದರೆ ಜವಾಬ್ದಾರ ಅವನೇ. ಢಾಬಾ ಗೆದ್ದಿರುವುದು ಅಂಗಳದಿಂದ. ಮಣ್ಣಿನ ಅಂಗಳ, ನೀರಿನ ತೊಟ್ಟಿ, ಮಲಗಲು ಹುರಿಮಂಚ, ಗಾಡಿ ಮೇಲೆ ಒಂದು ಕಣ್ಣು. ದಾಲ್‌ನ ಮೇಲೆ ತೇಲುವ ಎಣ್ಣೆ ಈ ಸೌಕರ್ಯದ ಜೊತೆಗೆ ಬರುತ್ತದೆ. ಹಾಗೆಂದು ಢಾಬಾವನ್ನೇ ಖಳನನ್ನಾಗಿ ಮಾಡುವುದೂ ತಪ್ಪು. ಬೆಣ್ಣೆ ಹಚ್ಚದ ತವಾ ರೊಟ್ಟಿ, ಒಗ್ಗರಣೆ ಕಡಿಮೆ ಮಾಡಿದ ದಾಲು, ಮೊಸರು ಒಳ್ಳೆಯ ಊಟವೇ, ಕೇಳಿ ಮಾಡಿಸಿಕೊಳ್ಳುವ ವ್ಯವಧಾನ ಇದ್ದರೆ.

'ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಲಿ, ಯಾರು ಬೇಡ ಎಂದರು?' ಎಂದು ಕೇಳಬಹುದು. ಕೇಳಬೇಕಾದ ಮಾತೇ. ಬುತ್ತಿಯ ವಿದ್ಯೆಯಲ್ಲಿ ನಮ್ಮ ಸೀಮೆಯನ್ನು ಮೀರಿಸುವವರು ಕಡಿಮೆ. ಕಟಕ್ ರೊಟ್ಟಿಯಲ್ಲಿ ನೀರಿನ ಪಸೆ ಉಳಿಯದ್ದರಿಂದ ಬೂಷ್ಟು ಹತ್ತದು, ದಿನಗಟ್ಟಲೆ ಇರುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಪ್ರೋಟೀನನ್ನೂ ಒಳ್ಳೆಯ ಕೊಬ್ಬನ್ನೂ ಹೊತ್ತು ತರುತ್ತವೆ. ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಕ್ಯಾಬಿನ್ನಿನಲ್ಲೇ ಮರುದಿನ ಮೊಳಕೆ. ಸೌತೆಕಾಯಿ, ಬಾಳೆಹಣ್ಣು, ಅವಲಕ್ಕಿ ದಾರಿಯಲ್ಲೇ ಸಿಗುತ್ತವೆ. ಉಪ್ಪಿನ ಬಗ್ಗೆ ಮಾತ್ರ ಎಚ್ಚರ ಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ, ಒಂದು ಚಮಚೆ, ಉಪ್ಪಿನಕಾಯಿ ಧಾರಾಳವಾದರೆ ಒಂದೇ ಊಟಕ್ಕೆ ಅದರ ದೊಡ್ಡ ಪಾಲು ಮುಗಿದುಹೋಗುತ್ತದೆ. ಆದರೆ ದೆಹಲಿಗೆ ಹೋದವನು ಅಲ್ಲಿ ವಾಪಸ್ ಲೋಡಿಗೆ ಕಾದು ಮರಳುವಷ್ಟರಲ್ಲಿ ಎಷ್ಟು ದಿನವಾಗುತ್ತದೋ ಹೊರಡುವಾಗ ಹೇಳಲಾಗದು. ಬುತ್ತಿ ಮೊದಲ ಎರಡು ಮೂರು ದಿನದ ಆಸರೆ, ಅಷ್ಟೇ. ಹಿಂದೆ ಲೋಡಿಂಗಿಗೆ ಕಾಯುವಾಗ ಸ್ಟೋವ್ ಹಚ್ಚಿ ಅನ್ನ ಸಾರು ಮಾಡುತ್ತಿದ್ದವನು ಕ್ಲೀನರ್. ಖರ್ಚು ಉಳಿಸಲು ಮಾಲೀಕರು ಕ್ಲೀನರನನ್ನೇ ಬಿಟ್ಟ ಗಾಡಿಗಳಲ್ಲಿ ಅಡುಗೆಮನೆಯೂ ಅವನೊಂದಿಗೇ ಇಳಿದುಹೋಯಿತು.

'ಡ್ರೈವರಿಗೆ ಬಾಟಾ ಕೊಡುವುದಿಲ್ಲವೇ?' ಎಂಬುದು ಮಾಲೀಕರ ಆಕ್ಷೇಪ. ಕೊಡುತ್ತಾರೆ. ಆದರೆ ಬಾಟಾ ಊಟದ ಹಣವೂ ಹೌದು, ಉಳಿಸಿದರೆ ಮನೆಗೆ ಕಳಿಸುವ ಹಣವೂ ಹೌದು. ಮಗಳ ಫೀಸಿಗೂ ತನ್ನ ತಟ್ಟೆಗೂ ಒಂದೇ ಜೇಬಾದಾಗ ತಟ್ಟೆ ಸೋಲುತ್ತದೆ. ಕೋಡಿಯ ಮಠದ ಅನ್ನಕ್ಕೆ ರಾಜರು, ಅಧಿಕಾರಿಗಳು ಭೂಮಿ ಬಿಟ್ಟಿದ್ದರು; ಅದು ದಾನ, ಇಂದಿಗೆ ಹೋಲಿಕೆ ಸಲ್ಲದು ಎನ್ನುವವರುಂಟು. ದಾನ ಹೌದು. ಆದರೆ ಲಾರಿ ಬಿಟ್ಟಿ ಓಡುತ್ತಿಲ್ಲ, ಟೋಲ್ ಕಟ್ಟಿಯೇ ಓಡುತ್ತದೆ. ತಂಗುವ ಜಾಗ ಕೇಳುವುದು ಭಿಕ್ಷೆಯಾಗದು. ತೈಲ ಕಂಪನಿಗಳು ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ 'ಅಪ್ನಾ ಘರ್' ಹೆಸರಿನಲ್ಲಿ ಮಂಚ, ಶೌಚಾಲಯ, ಹೋಟೆಲು, ತಾವೇ ಅಡುಗೆ ಮಾಡಿಕೊಳ್ಳುವ ಕಟ್ಟೆ ಒದಗಿಸತೊಡಗಿರುವುದು ಸರಿಯಾದ ಹೆಜ್ಜೆ. ಆದರೆ ಲಾರಿ ಹೆಚ್ಚು ಹೊತ್ತು ಕಾಯುವುದು ಲೋಡಾಗುವಲ್ಲಿ: ಎಪಿಎಂಸಿ ಅಂಗಳದಲ್ಲಿ, ಗೋದಾಮಿನ ಬಾಗಿಲಲ್ಲಿ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಹಾಕಬಹುದೆಂದು ತೋರಿಸಿದೆ. ಶಿಕಾರಿಪುರ, ಸೊರಬದಂಥ ತಾಲ್ಲೂಕಿನ ಮಾರುಕಟ್ಟೆ ಅಂಗಳದಲ್ಲಿ ಅಂಥದ್ದೊಂದು ತಟ್ಟೆಯನ್ನು ಯಾರಾದರೂ ಖಾನಾವಳಿಯವರಿಗೇ ವಹಿಸಿದರೆ, ಲೋಡು ಏರುತ್ತಿರುವಾಗಲೇ ಡ್ರೈವರ್ ಹಗಲಿನಲ್ಲಿ ಕುಳಿತು ಉಣ್ಣಬಹುದು, ಎರಡು ಬಾಟಲಿ ನೀರು ತುಂಬಿಸಿಕೊಂಡು ನಾಲ್ಕು ಕಟಕ್ ರೊಟ್ಟಿ ಕಟ್ಟಿಸಿಕೊಳ್ಳಬಹುದು. ಆ ರಾತ್ರಿ ಹನ್ನೊಂದಕ್ಕೆ ಢಾಬಾದ ಮುಂದೆ ನಿಂತಾಗ ಅವನಿಗೆ ಬೇಕಾಗುವುದು ಒಂದು ಲೋಟ ಮಜ್ಜಿಗೆ, ಸ್ವಲ್ಪ ನಿದ್ದೆ.